ಓಜೆಲ್ಲಾ ಹೊತ್ತು ತಂದ ಗೆಣಸಿನ ಪೈ

ಓಜೆಲ್ಲಾ ಟಾರ್ವರ್ ಸಿಟ್ಟು ಬಂದರೆ ಒಲೆ ಹಚ್ಚುವ ಹೆಂಗಸು. ಅವತ್ತು ಚರ್ಚಿನಿಂದ ಬಂದವಳೇ, ಟೋಪಿ ಕೂಡ ತೆಗೆಯದೆ ಗೆಣಸು ಬೇಯಲಿಟ್ಟಳು. ಅಲ್ಲಿ ಅರ್ಜಿ ತುಂಬಿಸುತ್ತಿದ್ದ ವಕೀಲೆ ಹುಡುಗಿ ಏನೋ ಕೇಳಬಾರದ್ದನ್ನು ಕೇಳಿರಬೇಕು.

ಕೇಳಿದ್ದು ಒಂದು ಹೆಸರು, ಅಷ್ಟೇ. ಬೇಸಾಯದ ಸಾಲ ಕೊಡುವಾಗ ಕಪ್ಪು ಜನಕ್ಕೆ ಮೋಸ ಮಾಡಿದ್ದನ್ನು ಸರ್ಕಾರ ಈಗ, ಎಷ್ಟೋ ಜನ ಮಣ್ಣು ಸೇರಿದ ಮೇಲೆ, ವಿಚಾರಿಸುತ್ತಿತ್ತು. ಜಾರ್ಜಿಯಾದ ಆ ಮೂಲೆಯಲ್ಲಿ ಉಳಿದವರೆಲ್ಲ ಅರ್ಜಿ ಹಾಕುತ್ತಿದ್ದರು. ಅದರಲ್ಲೊಂದು ಪ್ರಶ್ನೆ: ನಿಮ್ಮಷ್ಟೇ ಜಮೀನಿದ್ದು, ಅದೇ ವರ್ಷ ಸಾಲ ಸಿಕ್ಕ ಬಿಳಿಯ ರೈತ ಯಾರು? ಖಾಲಿ ಬಿಟ್ಟರೆ ಅರ್ಜಿ ಬಿದ್ದುಹೋಗುತ್ತದೆ. ಓಜೆಲ್ಲಾಗೆ ಗೊತ್ತಿದ್ದವನು ಒಬ್ಬನೇ, ಬೇಲಿಯಾಚೆಯ ಹೋಬಾರ್ಟ್. ಅವನ ಹೆಸರು ಬರೆಯಲು ಅವಳಿಗೆ ಕೈ ಬರಲಿಲ್ಲ.

ಹದಿನೆಂಟು ವರ್ಷದ ಹಿಂದೆ, ಗಂಡ ತೀರಿಕೊಂಡ ಮರುವರ್ಷ, ಅವಳು ಭಾನುವಾರದ ಟೋಪಿ ಇಟ್ಟುಕೊಂಡು ಸಾಲದ ಕಚೇರಿಗೆ ಹೋಗಿದ್ದಳು. ಕೆಲಸದ ಬಟ್ಟೆಯಲ್ಲಿ ಅಲ್ಲಿಗೆ ಹೋಗುವುದು ಬಿಳಿಯರಿಗೆ ಮಾತ್ರ ನಡೆಯುತ್ತಿತ್ತು. ಗಂಡಸಿನ ಸಹಿ ಬೇಕು ಅಂದ ಅಧಿಕಾರಿ.

"ನಮ್ಮ ಯಜಮಾನ್ರು ಚರ್ಚ್ ಹಿಂದೆ ಮಲಗಿದಾರೆ ಸಾರ್. ಪೆನ್ ಕೊಡಿ, ಹಾಕಿಸ್ಕೊಂಡು ಬರ್ತೀನಿ," ಅಂದಳು.

ಅವನು ನಗಲಿಲ್ಲ. ಕಾಗದ ತೆಗೆದುಕೊಂಡ. ಮೂರು ತಿಂಗಳು ಅಲೆಸಿ, ಅಂಥ ಅರ್ಜಿಯೇ ಬಂದಿಲ್ಲ ಅಂದುಬಿಟ್ಟ. ಕಡಲೆಕಾಯಿ ಬಿತ್ತುವ ಹದ ಮೀರುತ್ತಿತ್ತು. ಎಂಬತ್ತು ಎಕರೆಯಲ್ಲಿ ನಲವತ್ತನ್ನು ಮರದ ಕಂಪನಿಗೆ ಮಾರಿ ಬೀಜ ಗೊಬ್ಬರ ತಂದಳು. ಟ್ರ್ಯಾಕ್ಟರ್ ಇಲ್ಲದೆ ಬಿತ್ತುವುದು ಹೇಗೆ ಎಂದು ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ, ಒಂದು ಬೆಳಿಗ್ಗೆ ಹೋಬಾರ್ಟ್ ತಾನಾಗಿಯೇ ಟ್ರ್ಯಾಕ್ಟರ್ ತಂದು ಉಳಿದ ನಲವತ್ತನ್ನೂ ಬಿತ್ತಿಕೊಟ್ಟ. ಬಿಡಿಗಾಸು ಮುಟ್ಟಲಿಲ್ಲ. ಅಂದಿನಿಂದ ಪ್ರತಿ ಸುಗ್ಗಿಗೂ ಅವನ ಮನೆಗೆ, ಹಿಟ್ಟಿನ ಹಾಳೆಗೆ ಸಿಹಿ ಹೂರಣ ತುಂಬಿ ಬೇಯಿಸಿದ ಒಂದು ಗೆಣಸಿನ ಪೈ ತಪ್ಪಿದ್ದಿಲ್ಲ.

ಅಂಥವನ ಹೆಸರನ್ನು ದೂರಿನ ಕಾಗದದಲ್ಲಿ ಹೇಗೆ ಬರೆಯುವುದು? ಒಂದು ಮಾತು ಕೇಳಿಯೇ ಬಿಡೋಣವೆಂದು ಅರ್ಜಿಯನ್ನು ಚೀಲಕ್ಕೆ ಹಾಕಿಕೊಂಡು, ಬಿಸಿ ಪೈ ಹಿಡಿದು ಹೊರಟಳು. ಹೋಬಾರ್ಟ್ ಜಗಲಿಯಲ್ಲಿ ಕೂತಿದ್ದ. ಎಂಬತ್ತು ದಾಟಿದ ಮುದುಕ. ಎಲ್ಲ ಕೇಳಿದ, ಪೈ ಮುಟ್ಟಲಿಲ್ಲ.

"ಅವತ್ತು ಸಾಲದ ಕಚೇರೀಲಿ ನಾನೂ ಕೂತಿದ್ದೆ, ಓಜೆಲ್ಲಾ. ನೀನಿನ್ನೂ ಮೆಟ್ಲು ಇಳ್ದಿರ್ಲಿಲ್ಲ, ಆ ಅಧಿಕಾರಿ ನಿನ್ನ ಕಾಗದ ತಗೊಂಡು ಕಸದ ಬುಟ್ಟಿಗೆ ಹಾಕ್ದ. ಆಮೇಲೆ ನನ್ನ ಸಾಲಕ್ಕೆ ಸಹಿ ಮಾಡ್ದ. ನಾನು ಬಾಯಿ ಬಿಡ್ಲಿಲ್ಲ."

"ಅದ್ಕೇನಾ ಬಿತ್ಕೊಟ್ಟಿದ್ದು?"

ಅವನು ಹೌದೆಂದು ತಲೆ ಆಡಿಸಿದ. ಓಜೆಲ್ಲಾ ಸಿಟ್ಟಿನಿಂದ ಹೊಲದ ಕಡೆ ತಿರುಗಿದಳು. ಅವನ ಜಗಲಿಯಿಂದಲೇ ಕಾಣುತ್ತಿದ್ದವು, ಅವಳು ಮಾರಿದ್ದ ನಲವತ್ತು ಎಕರೆಯಲ್ಲಿ ಎದ್ದ ಕಂಪನಿಯ ಪೈನ್ ಮರಗಳು. ಇಷ್ಟು ವರ್ಷ ಈ ಮುದುಕ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಪೈ ತಿಂದನಲ್ಲ, ಅದು ಹೇಗೆ ಗಂಟಲಲ್ಲಿ ಇಳಿಯಿತೋ ಪಾಪ, ಅನ್ನಿಸಿತು. ಪಾಪ ಅನ್ನಿಸಿದ್ದಕ್ಕೆ ತನ್ನ ಮೇಲೇ ಇನ್ನಷ್ಟು ಸಿಟ್ಟು ಬಂತು.

ಚೀಲದಿಂದ ಅರ್ಜಿ ತೆಗೆದು ಅವನ ತೊಡೆಯ ಮೇಲಿಟ್ಟಳು. ಹೆಸರನ್ನು ಅವನೇ ಬರೆಯಲಿ, ಬುಟ್ಟಿಯ ಸಂಗತಿಯನ್ನೂ ಬರೆಯಲಿ ಅಂದಳು. ಅವನು ಪೂರ್ತಿ ಬರೆದು, ಕೆಳಗೆ ಸಹಿ ಹಾಕಿ ಕೊಟ್ಟ. ಅವಳು ಅದನ್ನು ಎರಡು ಸಲ ಓದಿಕೊಂಡಳು.

"ಗಂಡಸಿನ ಸಹಿ ಬೇಕು ಅಂದಿದ್ರು. ಅಂತೂ ಸಿಕ್ತು."

ಆಮೇಲೆ ಅವನ ಅಡುಗೆಮನೆಗೆ ಹೋಗಿ ಚಾಕು ತಂದು ಪೈ ಅನ್ನು ಸರಿಯಾಗಿ ನಡುವೆ ಕೊಯ್ದಳು. ಅರ್ಧವನ್ನು ತಟ್ಟೆಗೆ ಹಾಕಿ ಅವನ ಮುಂದಿಟ್ಟಳು.

"ಇದು ಬಿತ್ತಿದ್ದಕ್ಕೆ, ಹೋಬಾರ್ಟ್. ಆರೋದ್ರೊಳಗೆ ತಿನ್ನಿ."

ಉಳಿದರ್ಧಕ್ಕೆ ಬಟ್ಟೆ ಮುಚ್ಚಿಕೊಂಡು ಮನೆಗೆ ವಾಪಸು ತಂದಳು.