ದರಗೆಲೆ ಗಾಡಿಯಲ್ಲಿ ಜ್ವರದ ರಕ್ತ

ಮಂಗನ ಕಾಯಿಲೆ ಇರಬಹುದೆಂದು ನಮ್ಮ ಕೊಪ್ಪ ಕಡೆಯ ನಾರ್ವೆ ಹಳ್ಳಿಯ ಒಂದು ಮನೆಯಲ್ಲಿ ರಕ್ತ ತೆಗೆದು, ಐಸ್ ಡಬ್ಬಿಯಲ್ಲಿಟ್ಟುಕೊಂಡು ಕೊಪ್ಪಕ್ಕೆ ಹೊರಟಿದ್ದೆ. ಬಸ್ ತಪ್ಪಿತ್ತು. ಕೈ ಅಡ್ಡ ಹಿಡಿದಾಗ ನಿಂತದ್ದು ಕೊಟ್ಟಿಗೆಗೆಂದು ಕಾಡಿನ ದರಗೆಲೆ, ಉದುರಿದ ಒಣ ಎಲೆ, ತುಂಬಿಕೊಂಡು ಬರುತ್ತಿದ್ದ ಪಿಕಪ್.

ಡಬ್ಬಿಯಲ್ಲಿ ಏನಿದೆ ಅಂತ ಗೊತ್ತಾದದ್ದೇ ಡ್ರೈವರ್ ಮುಖ ಸಪ್ಪಗಾಯಿತು. "ಸಿಸ್ಟರೇ, ನೀವು ಬನ್ನಿ. ಆ ರೋಗ ನನ್ನ ಗಾಡಿಗೆ ಬೇಡ."

ನನಗೆ ಸಿಟ್ಟು ಬಂತು. ಎಷ್ಟೋ ಜ್ವರದ ಮನೆ ಹತ್ತಿಳಿದವಳು ನಾನು, ಇವತ್ತಿನವರೆಗೆ ಒಂದು ಟ್ಯೂಬ್ ಒಡೆದಿಲ್ಲ. "ಎಂತ ಮಾರಾಯ್ರೆ, ಮುಚ್ಚಿದ ಟ್ಯೂಬಿಂದ ವೈರಸ್ ಹಾರಿ ಬರೋದಿಲ್ಲ. ರಕ್ತ ಹೀರೋ ಉಣುಗು ಹುಳ ಕಚ್ಚಿದರೆ ವೈರಸ್ ನಮ್ಮ ರಕ್ತಕ್ಕೆ ಸೇರಿ, ಒಳಗೇ ಬೆಳೆದು ಜ್ವರ ಬರಿಸೋದು."

"ಆ ಉಣುಗು ಇರೋದೆಲ್ಲಿ?"

"ಕಾಡಿನ ದರಗೆಲೆಯಲ್ಲಿ."

ಅವರು ನಿಧಾನಕ್ಕೆ ತಿರುಗಿ ತಮ್ಮ ಲೋಡ್ ನೋಡಿದರು. ಮರುಕ್ಷಣ ಕೆಳಗಿಳಿದು, ರಸ್ತೆ ಬದಿಯಲ್ಲೇ ಅಂಗಿ ಬಿಚ್ಚಿ ಕೊಡವತೊಡಗಿದರು. ನಾನೇ ಬೆನ್ನು, ಕುತ್ತಿಗೆ ನೋಡಿದೆ. ಏನೂ ಇರಲಿಲ್ಲ. ಮುಂದಕ್ಕೆ ಇರಲಿ ಅಂತ ಉಣುಗು ಹತ್ತದ ಎಣ್ಣೆ ಕೊಟ್ಟೆ.

ಕೊಪ್ಪದ ಆಸ್ಪತ್ರೆ ಮುಟ್ಟಿದಾಗ ಡ್ರೈವರ್ ಡಬ್ಬಿಯನ್ನು ನನ್ನ ಕೈಗೇ ಕೊಡಲಿಲ್ಲ. "ದಾರಿ ಬಿಡಿ, ಜ್ವರದ ರಕ್ತ!" ಎನ್ನುತ್ತ ಅವರೇ ಹೊತ್ತು ನಡೆದರು. ಜನ ಹೆದರಿ ಗೋಡೆಗೆ ಅಂಟಿಕೊಂಡರು. ಇವರಿಗೂ ಮೊದಲಿಂದ ಹೇಳಬೇಕಲ್ಲ ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ಡ್ರೈವರ್ ಗದರಿದರು:

"ಎಂತಕ್ಕೆ ಹೆದರ್ತೀರಿ? ಮುಚ್ಚಿದ ಟ್ಯೂಬಿಂದ ಹಾರಿ ಬರೋದಿಲ್ಲ ಮಾರಾಯ್ರೆ!"