ಬೋಂಡನಿಗೆ ಮಾತ್ರ ಹೇಳಬೇಡಿ

ಹರಿದಾಸ ರಾಯರ ವಂಶದಲ್ಲಿ ಈವರೆಗೆ ಯಾರೂ ಕ್ಯಾನ್ಸರಿನಿಂದ ಸತ್ತಿಲ್ಲ. ಗ್ಯಾಸಿನಿಂದ ಸತ್ತಿದ್ದಾರೆ, ಉಷ್ಣದಿಂದ ಸತ್ತಿದ್ದಾರೆ. ಅವರ ಚಿಕ್ಕಪ್ಪ ಒಬ್ಬರು ವರ್ಷಗಟ್ಟಲೆ ಗಂಟಲು ಕಟ್ಟಿಕೊಂಡು ಸತ್ತಿದ್ದಾರೆ. ಕ್ಯಾನ್ಸರ್ ಆಸ್ಪತ್ರೆಗೆ ಹೋಗಿಬಂದವರು ಬಳಗದಲ್ಲಿ ಬೇಕಾದಷ್ಟು ಜನ ಇದ್ದರು. ಆದರೆ ಅವರೆಲ್ಲ ಅಲ್ಲಿಗೆ ಹೋದದ್ದು ಅಲ್ಲಿನ ಡಾಕ್ಟರು ಗ್ಯಾಸಿಗೂ ಒಳ್ಳೆಯ ಔಷಧ ಕೊಡುತ್ತಾರೆಂದು. ಹೀಗೆ ಕಾಯಿಲೆಯ ಹೆಸರು ಬದಲಾಯಿಸಿ, ರೋಗಿಗೆ ಕೊನೆಯವರೆಗೂ ಏನೂ ತಿಳಿಯದಂತೆ ನೋಡಿಕೊಳ್ಳುವುದರಲ್ಲಿ ಹರಿದಾಸ ರಾಯರದು ಎತ್ತಿದ ಕೈ.

ಇದು ಅವರ ನಿವೃತ್ತಿಯ ನಂತರದ ಉದ್ಯೋಗವೆಂದರೂ ಸರಿಯೇ. ಮೊದಲು ಇನ್ಷೂರೆನ್ಸ್ ಕಂಪನಿಯಲ್ಲಿದ್ದರು. ಈಗ ಮದರಾಸಿನ ಅವರ ಮಾಧ್ವ ಬಳಗದಲ್ಲಿ ಯಾರಿಗೆ ಕೆಟ್ಟ ರಿಪೋರ್ಟ್ ಬಂದರೂ ಮನೆಯವರು ರಾಯರಿಗೆ ಫೋನು ಮಾಡುತ್ತಾರೆ. ರಾಯರು ಪಂಚೆ ಬದಲಾಯಿಸಿ, ಪ್ಯಾಂಟು ಹಾಕಿಕೊಂಡು ಹೊರಡುತ್ತಾರೆ. ಡಾಕ್ಟರು ರೋಗಿಯ ಮುಂದೆ ಏನು ಹೇಳಬೇಕೆಂದು ಡಾಕ್ಟರಿಗೇ ಹೇಳಿಕೊಡುತ್ತಾರೆ. ಔಷಧದ ಡಬ್ಬಿಯ ಮೇಲಿನ ಚೀಟಿ ಕೀಳುತ್ತಾರೆ. ನೋಡಲು ಬಂದ ನೆಂಟರ ಮುಖವನ್ನು ಬಾಗಿಲಲ್ಲೇ ಪರೀಕ್ಷಿಸಿ, ನಗುಮುಖದವರನ್ನು ಒಳಗೆ ಬಿಡುತ್ತಾರೆ. ಅಳುಮುಖದವರಿಗೆ ಹಾಲ್‌ನಲ್ಲೇ ಒಂದು ಲೋಟ ಕಾಫಿ ಕೊಟ್ಟು ಸಾಗಹಾಕುತ್ತಾರೆ.

ನಾನು ಮಂಡ್ಯದವಳು, ಹೆಸರು ಪಾವನಾ. ಶೋಳಿಂಗನಲ್ಲೂರಿನ ಕಂಪನಿಯೊಂದರಲ್ಲಿ ಕೆಲಸ. ವೇಲಚೇರಿಯ ಅಪಾರ್ಟ್‌ಮೆಂಟಿನಲ್ಲಿ ರಾಯರದು ನನ್ನ ಎದುರು ಮನೆ. ನಾನು ಕನ್ನಡದವಳೆಂದು ತಿಳಿದ ದಿನವೇ ಅವರು ನನ್ನನ್ನು ದತ್ತು ತೆಗೆದುಕೊಂಡರು. ನನ್ನ ಹತ್ತಿರ ಕಾರಿದೆಯೆಂದು ತಿಳಿದ ಮೇಲಂತೂ ಪ್ರೀತಿ ಇಮ್ಮಡಿಯಾಯಿತು. ಆ ಮನೆಯಲ್ಲಿ ರಾಯರು, ಅವರ ಹೆಂಡತಿ ಜಯಲಕ್ಷ್ಮೀ, ಮಗ, ಸೊಸೆ, ಕಾಲೇಜಿಗೆ ಹೋಗುವ ಮೊಮ್ಮಗಳು ಮಾನ್ಯಾ, ಇವರ ಜೊತೆಗೆ ಬೋಂಡ. ಮಗ ಸೊಸೆ ಇಬ್ಬರೂ ಬೆಳಕು ಹರಿಯುತ್ತಲೇ ಆಫೀಸಿನ ಕ್ಯಾಬು ಹತ್ತುವವರು, ಆದ್ದರಿಂದ ಅವರ ವಿಷಯ ಇಲ್ಲಿ ಹೆಚ್ಚು ಬರುವುದಿಲ್ಲ.

ಬೋಂಡ ಎಂದರೆ ನಾಯಿ. ಮಾನ್ಯಾ ಸಣ್ಣವಳಿದ್ದಾಗ ಬೀದಿಯಿಂದ ಎತ್ತಿಕೊಂಡು ಬಂದ, ಗುಂಡಗೆ ಕಂದು ಬಣ್ಣದ ಮರಿ. ನಾಯಿ ಮನೆಯೊಳಗೆ ಬಂದರೆ ಮಡಿ ಏನಾಗಬೇಕೆಂದು ರಾಯರು ಒಂದು ವಾರ ಕೂಗಾಡಿದರಂತೆ. ಎರಡನೆಯ ವಾರದಿಂದ ಅದಕ್ಕೆ ಮೊಸರನ್ನ ಕಲಸುವವರು ಅವರೇ ಆದರು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ನಾನು ಬರುವ ಹೊತ್ತಿಗೆ ಬೋಂಡನ ಮೂತಿ ಪೂರ್ತಿ ಬೆಳ್ಳಗಾಗಿತ್ತು. ಮೊಮ್ಮಗಳನ್ನು ಕನ್ನಡದಲ್ಲಿ ಏನು ಕೇಳಿದರೂ ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಿದ್ದಳು. ಬೋಂಡ ಮಾತ್ರ ಕನ್ನಡದಲ್ಲಿ ಹೇಳಿದ್ದನ್ನು ಕೇಳಿ, ಬಾಲದಲ್ಲಿ ಉತ್ತರ ಕೊಡುತ್ತಿತ್ತು. ಅದಕ್ಕೇ ರಾಯರು ದಿನದ ಸಮಾಚಾರವನ್ನೆಲ್ಲ ಅದರ ಹತ್ತಿರವೇ ಹೇಳಿಕೊಳ್ಳುತ್ತಿದ್ದರು.

ಹೋದ ಚಳಿಗಾಲದಲ್ಲಿ ಬೋಂಡನ ದವಡೆಯ ಕೆಳಗೆ ಎರಡು ಗಡ್ಡೆ ಕಾಣಿಸಿಕೊಂಡವು. ಜಯಲಕ್ಷ್ಮೀ ಅವರು ಅರಿಶಿನ ಹಚ್ಚಿ ನೋಡಿದರು. ಗಡ್ಡೆ ಕರಗಲಿಲ್ಲ, ನಾಯಿ ಮಾತ್ರ ಹಳದಿಯಾಯಿತು. ಕಡೆಗೆ ನನ್ನ ಕಾರಿನಲ್ಲಿ ಹಾಕಿಕೊಂಡು ನಾಯಿಗಳ ಆಸ್ಪತ್ರೆಗೆ ಹೋದೆವು. ಕೌಶಿಕ್ ಎಂಬ ಹುಡುಗು ಡಾಕ್ಟರು ಸೂಜಿ ಚುಚ್ಚಿ ಪರೀಕ್ಷೆಗೆ ಕಳಿಸಿ, ಕೆಲವು ದಿನ ಬಿಟ್ಟು ನಮ್ಮನ್ನು ಮತ್ತೆ ಕರೆಸಿದರು. ಬೋಂಡ ಮೇಜಿನ ಮೇಲೆ ನಡುಗುತ್ತಾ ನಿಂತಿತ್ತು. ಡಾಕ್ಟರು ಅದರ ತಲೆ ಸವರುತ್ತಾ ನೇರವಾಗಿ ಕ್ಯಾನ್ಸರ್ ಎಂದರು.

ರಾಯರ ಮುಖ ಬಿಳಿಚಿಕೊಂಡಿತು. ಆದರೆ ಅವರ ಬಾಯಿಂದ ಹೊರಟ ಮೊದಲ ಮಾತು ಬೇರೆಯೇ ಆಗಿತ್ತು.

"ಏನು ಡಾಕ್ಟರ್, ಅದರ ಮುಂದೇನೇ ಹೇಳ್ತೀರಾ? ಪಾಪ, ಪಾವಂ ಅದು. ಪಾವನಾ, ನೀ ಇದನ್ನ ಕೊಂಜ ಹೊತ್ತು ಆಚೆ ಕರ್ಕೊಂಡು ಹೋಗಮ್ಮಾ."

ನಾನು ಬೋಂಡನನ್ನು ಹೊರಗೆ ಕರೆದುಕೊಂಡು ಹೋಗಿ ಬೆಂಚಿನ ಪಕ್ಕ ಕೂತೆ. ಒಳಗೆ ನಡೆದದ್ದನ್ನು ಜಯಲಕ್ಷ್ಮೀ ಅವರು ಆಮೇಲೆ ಹೇಳಿದರು. ವಾರಕ್ಕೊಮ್ಮೆ ಬಂದು ಇಂಜೆಕ್ಷನ್ ಹಾಕಿಸಿದರೆ ಕೆಲವು ತಿಂಗಳು ಸಿಗಬಹುದು. ಬೇಡವೆಂದರೆ ನೋವಿಗೆ, ಹಸಿವಿಗೆ ಮಾತ್ರೆ ಕೊಟ್ಟು ಮನೆಯಲ್ಲೇ ನೆಮ್ಮದಿಯಾಗಿ ಇಟ್ಟುಕೊಳ್ಳಬಹುದು, ಆಗ ಕೆಲವೇ ವಾರ. ಎರಡೂ ತಪ್ಪಲ್ಲ, ವಯಸ್ಸಾದ ನಾಯಿ, ಆಸ್ಪತ್ರೆಯೆಂದರೆ ತುಂಬಾ ಹೆದರುತ್ತದೆ, ಯೋಚನೆ ಮಾಡಿ ಎಂದಿದ್ದರಂತೆ ಡಾಕ್ಟರು. ರಾಯರು ಯೋಚನೆ ಮಾಡಲೇ ಇಲ್ಲ. ಇಂಜೆಕ್ಷನ್ ಆಗಲಿ, ಆದರೆ ನಾಯಿಗೆ ಮಾತ್ರ ಏನೂ ತಿಳಿಯಬಾರದು ಎಂದು ಷರತ್ತು ಹಾಕಿ ಎದ್ದು ಬಂದರು.

ಅಂದಿನಿಂದ ಆ ಮನೆಯಲ್ಲಿ ಬೋಂಡನಿಗೆ ಬಂದದ್ದು ನೆಗಡಿ. ಕ್ಯಾನ್ಸರ್ ಎಂಬ ಮಾತಿಗೆ ನಿಷೇಧ. ಕನ್ನಡದಲ್ಲಿ ಮಾತಾಡಿದರೆ ಅದಕ್ಕೆ ತಿಳಿಯುತ್ತದೆ, ತಮಿಳು ವಾಚ್‌ಮನ್‌ನಿಂದ ಕಲಿತಿದೆ, ಇಂಗ್ಲಿಷನ್ನು ಮಾನ್ಯಾ ಕಲಿಸಿದ್ದಾಳೆ. ಉಳಿದದ್ದು ಹಿಂದಿ. ರಾಯರು ಶಾಲೆಯಲ್ಲಿದ್ದಾಗ ಪಾಸು ಮಾಡಿದ ಹಿಂದಿ ಪರೀಕ್ಷೆಯ ವಿದ್ಯೆಯನ್ನು ಹೊರಗೆ ತೆಗೆದರು. ಊಟದ ಹೊತ್ತಿಗೆ ಅವರು ಗಂಭೀರವಾಗಿ "ಬೋಂಡಾ ಕಾ ತಬಿಯತ್ ಆಜ್ ಕೈಸಾ ಹೈ" ಎನ್ನುವುದು, ಆ ಭಾಷೆಯ ಗಂಧವೇ ಇಲ್ಲದ ಜಯಲಕ್ಷ್ಮೀ ಅವರು "ಹುಳಿ ಇನ್ನೊಂಚೂರು ಹಾಕ್ಲಾ?" ಎನ್ನುವುದು ನನ್ನ ಮನೆಗೂ ಕೇಳುತ್ತಿತ್ತು. ಕೆಳಗಿನ ಮನೆಯ ಕೃಷ್ಣಮೂರ್ತಿಯವರು ಮೆಟ್ಟಿಲಲ್ಲಿ ನನ್ನನ್ನು ತಡೆದು, ರಾಯರು ಈ ವಯಸ್ಸಿನಲ್ಲಿ ಉತ್ತರ ಭಾರತಕ್ಕೆ ಹೊರಟಿದ್ದಾರೆಯೇ ಎಂದು ವಿಚಾರಿಸಿದರು.

ಮಾನ್ಯಾಗೆ ತಡೆಯಲಾಗಲಿಲ್ಲ. "ತಾತಾ, ಅದು ಒರು ನಾಯ್ ತಾತಾ," ಎಂದಳು.

"ನಾಯಿಗೆ ಮನಸ್ಸಿಲ್ವಾ?" ಎಂದರು ರಾಯರು. "ನಿನಗಿಂತ ಚೆನ್ನಾಗಿ ಅರ್ಥ ಮಾಡ್ಕೊಳ್ಳತ್ತೆ."

ನೋಡಲು ಬರುವವರಿಗೂ ಅದೇ ಕಟ್ಟುನಿಟ್ಟು. ಕೃಷ್ಣಮೂರ್ತಿಯವರು ಮಠದಿಂದ ಮಂತ್ರಾಕ್ಷತೆ ತಂದಿದ್ದರು. ಬೋಂಡನನ್ನು ಕಂಡೊಡನೆ, "ಅಯ್ಯೋ, ಎಷ್ಟು ಇಳಿದುಹೋಗಿದೆ," ಎಂದುಬಿಟ್ಟರು. ರಾಯರು ಅವರ ರಟ್ಟೆ ಹಿಡಿದು ಲಿಫ್ಟಿನವರೆಗೂ ಬಿಟ್ಟು ಬಂದರು. ಅಷ್ಟರಲ್ಲಿ ಬೋಂಡ ಮಂತ್ರಾಕ್ಷತೆಯನ್ನು ನೆಕ್ಕಿ ಮುಗಿಸಿತ್ತು. ಇಳಿದಿಲ್ಲ, ಹಸಿವು ಚೆನ್ನಾಗಿದೆ ಎಂದು ರಾಯರು ಅದನ್ನೇ ಎಲ್ಲರಿಗೂ ಫೋನು ಮಾಡಿ ಹೇಳಿದರು.

ಕಷ್ಟ ಬಂದದ್ದು ಆಸ್ಪತ್ರೆಗೆ ಕರೆದೊಯ್ಯುವಾಗ. ಬೋಂಡ ಕಾರು ಹತ್ತಲು ಒಪ್ಪುತ್ತಿರಲಿಲ್ಲ. ಅದು ಸಂತೋಷದಿಂದ ಕಾರು ಹತ್ತುತ್ತಿದ್ದದ್ದು ಒಂದೇ ಕಾರಣಕ್ಕೆ, ಬೆಸೆಂಟ್ ನಗರದ ಬೀಚ್. ಅಲ್ಲಿಗೆ ಹೋದರೆ ಅದು ತಾನು ಮುದುಕನೆಂಬುದನ್ನೇ ಮರೆಯುತ್ತಿತ್ತು. ಅಲೆಗೆ ಬೊಗಳುವುದು, ಅಲೆ ಬಂದರೆ ಓಡುವುದು, ಮತ್ತೆ ಬೊಗಳುವುದು. ಮನೆಯಲ್ಲಿ ಬೀಚ್ ಎಂಬ ಶಬ್ದ ಬಾಯಿಗೆ ಬಂದರೆ ಸಾಕು, ಬಾಗಿಲ ಹತ್ತಿರ ಹೋಗಿ ಕೂತು ಇಡೀ ಮೈ ಅಲ್ಲಾಡುವಷ್ಟು ಬಾಲ ಬಡಿಯುತ್ತಿತ್ತು. ರಾಯರಿಗೆ ಇದಕ್ಕಿಂತ ಇನ್ನೇನು ಬೇಕು? ಚಿಕ್ಕಪ್ಪನನ್ನು ಸಂಗೀತ ಕಚೇರಿಗೆಂದು ಹೊರಡಿಸಿ ಸ್ಕ್ಯಾನಿಗೆ ಕರೆದೊಯ್ದವರು ಅವರು.

"ಬೋಂಡಾ, ಬೀಚ್‌ಗೆ ಹೋಗೋಣ ಬಾ," ಎಂದರು. ಅದು ಓಡಿ ಬಂದು ಕಾರು ಹತ್ತಿತು. ನಾನು ಆಸ್ಪತ್ರೆಗೆ ಬಿಟ್ಟೆ. ಸ್ಟೀರಿಂಗ್ ಹಿಡಿದವಳು ನಾನೇ ಆದ್ದರಿಂದ, ಸುಳ್ಳಿನಲ್ಲಿ ನನ್ನ ಪಾಲೂ ಇತ್ತು.

ಎರಡನೆಯ ವಾರವೂ ಬೀಚ್ ಎಂದರು. ಬೋಂಡ ಬಾಲ ಆಡಿಸಿತು, ಆದರೆ ಕಾರಿನ ಬಾಗಿಲಲ್ಲಿ ನಿಂತು ಅವರ ಮುಖ ನೋಡಿತು. ರಾಯರು ತಮ್ಮ ರೋಗಿಗಳಿಗೆಂದೇ ಇಟ್ಟುಕೊಂಡಿರುವ ಹಾಲುಜೇನಿನ ದನಿಯಲ್ಲಿ ಇನ್ನೊಮ್ಮೆ ಕರೆದರು. ಅದು ಹತ್ತಿತು.

ಮೂರನೆಯ ವಾರ ನಾನು ಕಾರಿನ ಕೀಲಿ ಹಿಡಿದು ಅವರ ಮನೆಗೆ ಹೋದಾಗ ರಾಯರು ಮಂಚದ ಮುಂದೆ ಮಂಡಿಯೂರಿ ಬಗ್ಗಿದ್ದರು. ಬೀಚ್ ಎಂದೊಡನೆ ಬೋಂಡ ಮಂಚದ ಕೆಳಗೆ ಗೋಡೆಯ ಮೂಲೆಗೆ ಸೇರಿಕೊಂಡುಬಿಟ್ಟಿತ್ತು. ಅಲ್ಲೇ ಉಚ್ಚೆ ಹೊಯ್ದುಕೊಂಡಿತ್ತು. ರಾಯರು ಅದೇ ಹಾಲುಜೇನಿನ ದನಿಯಲ್ಲಿ "ಬೀಚ್ ಕಣೋ, ಬೀಚ್," ಎನ್ನುತ್ತಲೇ ಇದ್ದರು. ಅವರು ಒಂದೊಂದು ಸಲ ಎಂದಾಗಲೂ ಅದರ ಬೆನ್ನು ನಡುಗುವುದು ನನಗೆ ಕಾಣುತ್ತಿತ್ತು.

ಜಯಲಕ್ಷ್ಮೀ ಅವರು ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದರು. ಹೆಚ್ಚು ಮಾತಿನವರಲ್ಲ. ಗಂಡ ಮಾತಾಡುವುದರಲ್ಲೇ ಮನೆಯ ಪಾಲಿನ ಮಾತೆಲ್ಲ ಮುಗಿದುಹೋಗುತ್ತಿತ್ತು.

"ಸಾಕು ಬಿಡಿ," ಎಂದರು. "ಅದಕ್ಕೆ ಇದ್ದಿದ್ದು ಒಂದು ಬೀಚು. ಅದನ್ನೂ ಹಾಳು ಮಾಡಿಟ್ರಿ."

"ಅದು ಹೆದರ್ಕೋಬಾರ್ದು ಅಂತ ತಾನೇ ನಾನು—"

"ಹೆದರ್ಕೊಂಡಿರೋದು ನೀವು. ಅದಲ್ಲ." ಅವರು ಮಂಚದ ಮೇಲೆ ಕೂತರು. "ನಮ್ಮ ಅಕ್ಕನಿಗೆ ಅಷ್ಟು ದಿನ ಅಲ್ಸರ್ ಅಂತ ಹೇಳಿದ್ರಲ್ಲ. ಅವಳಿಗೆ ಎಲ್ಲಾ ಗೊತ್ತಿತ್ತು."

ರಾಯರು ತಲೆಯೆತ್ತಿದರು. "ಚಾನ್ಸೇ ಇಲ್ಲೆ. ಎಷ್ಟು ನಗ್ತಾ ಇದ್ರು ಅವರು."

"ಒಂದು ದಿನ ನೀವು ಔಷಧಿ ತರೋಕ್ಕೆ ಹೋಗಿದ್ರಿ. ನನ್ನ ಕೈ ಹಿಡ್ಕೊಂಡು ಅಂದ್ಲು, 'ನನಗೆ ತಿಳಿದಿದೆ ಅಂತ ಹರಿದಾಸನಿಗೆ ಹೇಳ್ಬೇಡ ಕಣೇ. ಅಷ್ಟು ಕಷ್ಟಪಟ್ಟು ಮುಚ್ಚಿಡ್ತಾ ಇದಾನೆ, ಪಾವಂ, ಬೇಜಾರು ಮಾಡ್ಕೋತಾನೆ' ಅಂತ. ಅವಳಿಗೆ ಒಂದು ಸಲ ಬಾಯ್ತುಂಬಾ ಅತ್ಬಿಡಬೇಕು ಅಂತಿತ್ತು ರೀ. ಅಳೋಕ್ಕೆ ಜಾಗ ಎಲ್ಲಿ ಕೊಟ್ರಿ ನೀವು?"

ರಾಯರು ಮಂಡಿಯೂರಿದಲ್ಲೇ ಇದ್ದರು.

"ನಾಳೆ ನನಗೇನಾದ್ರೂ ಬಂದ್ರೆ, ತಿರುಪತಿಗೆ ಅಂತ ಕರ್ಕೊಂಡು ಹೋಗಿ ಆಸ್ಪತ್ರೇಲಿ ಇಳಿಸ್ಬೇಡಿ. ನೆಟ್ಟಗೆ ಹೇಳಿ," ಎಂದು ಜಯಲಕ್ಷ್ಮೀ ಅವರು ನೆಲ ಒರೆಸುವ ಬಟ್ಟೆ ತರಲು ಎದ್ದು ಹೋದರು.

ಅಂದು ಆಸ್ಪತ್ರೆಗೆ ಹೋಗಲಿಲ್ಲ. ಸಾಯಂಕಾಲ ರಾಯರು ಡಾಕ್ಟರಿಗೆ ಫೋನು ಮಾಡಿ ಇಂಜೆಕ್ಷನ್ ಸಾಕೆಂದರು. ಡಾಕ್ಟರು ಬೇಸರ ಮಾಡಿಕೊಳ್ಳಲಿಲ್ಲ, ಮಾತ್ರೆಗಳ ಹೆಸರು ಹೇಳಿದರು. ಆಮೇಲೆ ರಾಯರು ನನ್ನ ಬಾಗಿಲು ತಟ್ಟಿದರು. ನಾಳೆ ಭಾನುವಾರ, ಬೆಳಿಗ್ಗೆ ಕಾರು ಬೇಕು ಎಂದರು.

"ಎಲ್ಲಿಗೆ ಅಂಕಲ್?" ಎಂದೆ.

"ಬೀಚ್‌ಗೆ," ಎಂದರು. ನಾನು ಅವರ ಮುಖ ನೋಡಿದೆ. "ನಿಜವಾಗ್ಲೂನಮ್ಮಾ," ಎಂದರು. ನಂಬಿಕೆ ಬಾರದ ಮುಖ ನನ್ನದೂ ಆಗಿತ್ತೆಂದು ಆಮೇಲೆ ಹೊಳೆಯಿತು.

ಮರುದಿನ ಬೋಂಡನನ್ನು ಮಾನ್ಯಾ ಎತ್ತಿಕೊಂಡೇ ಕಾರಿನಲ್ಲಿ ಕೂರಿಸಿದಳು, ಅಷ್ಟು ಹಗುರವಾಗಿತ್ತು. ತಿರುವಾನ್ಮಿಯೂರು ದಾಟುವವರೆಗೂ ಅದು ಹಿಂದಿನ ಸೀಟಿನಲ್ಲಿ ಜಯಲಕ್ಷ್ಮೀ ಅವರ ಸೀರೆಯಲ್ಲಿ ಮುಖ ಹುದುಗಿಸಿಕೊಂಡು ನಡುಗುತ್ತಿತ್ತು. ಬೀಚ್ ಬಂತು. ಉಪ್ಪಿನ ಗಾಳಿ ಬಂತು. ನಾನು ಕಾರು ನಿಲ್ಲಿಸಿ ಬಾಗಿಲು ತೆಗೆದೆ. ಬೋಂಡ ಇಳಿಯಲಿಲ್ಲ. ಸಮುದ್ರ ಕಣ್ಣೆದುರಿಗೇ ಇತ್ತು, ಆದರೂ ಅದು ಸೀಟಿನ ಆ ತುದಿಗೆ ಸರಿದು ಅಂಟಿಕೊಂಡಿತು. ಎರಡು ಸಲ ಮೋಸ ಹೋದ ಪ್ರಾಣಿ, ತನ್ನ ಕಣ್ಣನ್ನೂ ನಂಬಲು ಸಿದ್ಧವಿರಲಿಲ್ಲ.

ರಾಯರು ಕರೆದರು. ಚಪ್ಪಾಳೆ ತಟ್ಟಿದರು. ಬಿಸ್ಕತ್ತು ತೋರಿಸಿದರು. ಅಭ್ಯಾಸಬಲ ನೋಡಿ, ಆ ಹಾಲುಜೇನಿನ ದನಿ ತಾನಾಗಿಯೇ ಬಾಯಿಗೆ ಬಂದುಬಿಟ್ಟಿತು. ಆ ದನಿ ಕಿವಿಗೆ ಬಿದ್ದೊಡನೆ ಬೋಂಡ ಕಣ್ಣು ಮುಚ್ಚಿಕೊಂಡಿತು. ರಾಯರು ಅದನ್ನು ಕಂಡರು. ಬಿಸ್ಕತ್ತು ಹಿಡಿದ ಕೈ ಕೆಳಗಿಳಿಯಿತು. ತೆರೆದ ಬಾಗಿಲ ಪಕ್ಕದಲ್ಲಿ, ರಸ್ತೆಯಂಚಿನ ಮರಳಿನ ಮೇಲೆ, ಇಸ್ತ್ರಿ ಪ್ಯಾಂಟಿನಲ್ಲೇ ಕುಸಿದು ಕೂತರು.

"ನಿನಗೆ ಕ್ಯಾನ್ಸರ್ ಕಣೋ ಬೋಂಡಾ," ಎಂದರು. "ನೀ ಹೋಗ್ಬಿಡ್ತೀಯ. ನನಗೆ ಏನ್ ಮಾಡೋಕ್ಕೂ ಬರಲ್ಲ."

ಆಮೇಲೆ ಅತ್ತರು. ಸುಮ್ಮನೆ ಕಣ್ಣೊರೆಸಿಕೊಳ್ಳುವ ಅಳುವಲ್ಲ, ಬಾಯಿ ತೆರೆದು, ಹೆಗಲು ಕುಲುಕಿ, ಮೂಗು ಸೋರಿ. ಇಷ್ಟು ವರ್ಷ ಎಷ್ಟು ಜನರನ್ನು ಹಾಲ್‌ನಲ್ಲೇ ತಡೆದು ಕಳಿಸಿದ್ದರೋ, ಅವರೆಲ್ಲರ ಪಾಲಿನದೂ ಅದರಲ್ಲಿ ಸೇರಿತ್ತೆಂದು ನನಗನ್ನಿಸಿತು. ನನಗೂ ಅಳು ಬಂತು, ನಾನೂ ತಡೆಯಲಿಲ್ಲ. ಬೆಳಗಿನ ವಾಕಿಂಗಿಗೆ ಬಂದವರು ತಿರುಗಿ ತಿರುಗಿ ನೋಡುತ್ತಾ ಹೋದರು.

ಸೀಟಿನ ಮೇಲೆ ಉಗುರು ಕೆರೆದ ಸದ್ದಾಯಿತು. ಬೋಂಡ ಕತ್ತು ಚಾಚಿ ರಾಯರನ್ನು ನೋಡುತ್ತಿತ್ತು. ವಾರಗಟ್ಟಲೆ ಅದರ ಸುತ್ತ ಬರೀ ನಗುವ ಮುಖಗಳೇ ಇದ್ದವು. ಅದು ಮೆಲ್ಲಗೆ ಸೀಟಿನ ಅಂಚಿಗೆ ಬಂದು, ಮುಂಗಾಲು ಮರಳಿಗಿಟ್ಟು, ಹಿಂಗಾಲು ಎಳೆದುಕೊಂಡು ಇಳಿಯಿತು. ರಾಯರ ಎರಡು ಮಂಡಿಯ ನಡುವೆ ತಲೆ ತೂರಿಸಿ, ಅವರ ಗಲ್ಲ ನೆಕ್ಕತೊಡಗಿತು. ಅದರ ನಡುಕ ನಿಂತಿತ್ತು.

ವಾಕಿಂಗಿನ ಹಿರಿಯರೊಬ್ಬರು ನಿಂತು, "ಎನ್ನ ಆಚ್ಚು ಸಾರ್?" ಎಂದು ವಿಚಾರಿಸಿದರು. ಏನಾಯಿತೆಂದು ಯಾರಾದರೂ ಕೇಳಿದರೆ ರಾಯರ ಬಾಯಲ್ಲಿ ಗ್ಯಾಸು, ನೆಗಡಿ, ಅಲ್ಸರ್ ಎಲ್ಲ ಸಿದ್ಧವಾಗಿ ಕಾದಿರುತ್ತಿದ್ದವು.

"ನಾಯಿಕ್ಕು ಕ್ಯಾನ್ಸರ್ ಸಾರ್," ಎಂದರು ರಾಯರು. ದನಿ ತಗ್ಗಿಸಲಿಲ್ಲ. ಬೋಂಡ ಅಲ್ಲೇ, ಅವರ ಎದೆಗೆ ಒರಗಿಕೊಂಡೇ ಇತ್ತು.

ಆ ಹಿರಿಯರು ಬಗ್ಗಿ ಅದರ ಬೆಳ್ಳಗಿನ ಮೂತಿಯನ್ನು ಒಂದು ಸಲ ಸವರಿ ಹೋದರು. ಸ್ವಲ್ಪ ಹೊತ್ತಾದ ಮೇಲೆ ಬೋಂಡ ತಾನಾಗಿ ಎದ್ದು ನೀರಿನ ಕಡೆಗೆ ಹೊರಟಿತು. ನಾಲ್ಕು ಹೆಜ್ಜೆ ಹಾಕಿ ನಿಂತು ಹಿಂತಿರುಗಿ ನೋಡಿತು. ಜಯಲಕ್ಷ್ಮೀ ಅವರು ಸೆರಗು ಚಾಚಿ ಮುಖ ಒರೆಸಿಕೊಳ್ಳಿ ಎಂದರು. ರಾಯರು ಬೇಡವೆಂದು ಕೈಯಾಡಿಸಿ, ಹಾಗೇ ಎದ್ದು ಅದರ ಹಿಂದೆ ನಡೆದರು.