ಕೆಂಪು ಡಬ್ಬಿಯ ಆರು ಬೋಲ್ಟು

ಬೋಲ್ಟನ್ನು ಕೈಗೆತ್ತಿಕೊಂಡರೆ ಸಾಕು, ನರಸಿಂಹಮ್ಮ ಅದರ ಸೈಜು ಹೇಳುತ್ತಿದ್ದಳು. ಹಿರೇಹಳ್ಳಿಯ ಪಂಪು ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಇಪ್ಪತ್ತೆರಡು ವರ್ಷ ದುಡಿದಿದ್ದಳು. ಕಾರ್ಖಾನೆ ಮುಚ್ಚಿದ ಮೇಲೆ ಗುಬ್ಬಿಯ ಮನೆಯಲ್ಲಿ ಸುಮ್ಮನೆ ಕೂತು ಕೂತು ಸಾಕಾಗಿತ್ತು. ಆಗ ಬಂತು ಈ ದೋಣಿಯ ಕೆಲಸ.

ಸದಾಶಿವನಗರದ ಕಾಂತೇಶನಿಗೆ ಕುಣಿಗಲ್ ಕಡೆ ಒಂದು ಕೆರೆಯ ದಡದಲ್ಲಿ ರೆಸಾರ್ಟ್ ಇತ್ತು. ಎಲ್ಲೋ ಮೂಲೆ ಸೇರಿದ್ದ ಹಳೇ ಹಾಯಿದೋಣಿಯನ್ನು ಲಾರಿಯಲ್ಲಿ ಹೇರಿಸಿ ತಂದು ಹಿರೇಹಳ್ಳಿಯ ಶೆಡ್ಡಿನಲ್ಲಿ ಇಳಿಸಿದ್ದ. ರಿಪೇರಿ ಮಾಡಿಸಿ ನೀರಿಗೆ ಬಿಡುವ ಹುಚ್ಚು ಅವನಿಗೆ. ಮೆಕ್ಯಾನಿಕ್ ಅಶ್ವಥ್ ಬಿಚ್ಚಿದ ಸಾಮಾನೆಲ್ಲ ಗೋಣಿಚೀಲದಲ್ಲಿ ಕಲಸುಮೇಲೋಗರವಾಗಿ ಬಿದ್ದಿತ್ತು. ಅದನ್ನು ಆರಿಸಿಕೊಡುವುದೇ ನರಸಿಂಹಮ್ಮನ ಕೆಲಸ.

ನರಸಿಂಹಮ್ಮ ಮೊದಲು ದೋಣಿಯ ಒಂದೊಂದು ತೂತಿಗೂ ಸೀಮೆಸುಣ್ಣದಲ್ಲಿ ನಂಬರ್ ಬರೆದಳು. ಆಮೇಲೆ ಚೀಲ ಸುರುವಿಕೊಂಡು ಹಿತ್ತಾಳೆ, ಸ್ಟೀಲು, ಕಬ್ಬಿಣ ಬೇರೆ ಮಾಡಿದಳು. ಮತ್ತೆ ಹಾಕುವಂಥದ್ದು ಹಸಿರು ಡಬ್ಬಿಗೆ, ಹಾಕಲೇಬಾರದ್ದು ಕೆಂಪಿಗೆ. ಯಾವುದು ಮೊದಲು ಕೂರಬೇಕು, ಯಾವುದಕ್ಕೆ ಹೊಸದು ತರಿಸಬೇಕು, ಎಲ್ಲ ನೋಟ್‌ಬುಕ್ಕಿನಲ್ಲಿ. ಎರಡು ತಿಂಗಳು ಹಿಡಿಯಿತು. ಅಷ್ಟು ಖುಷಿಯಾಗಿ ಅವಳು ಎಂದೂ ಕೆಲಸ ಮಾಡಿರಲಿಲ್ಲ.

ಹಾಯಿ ಕಟ್ಟುವ ಕಂಬವನ್ನು ಎಳೆದು ಹಿಡಿಯುವ ತಂತಿಗಳು ನಿಲ್ಲುವುದು ಆರು ಬೋಲ್ಟುಗಳ ಮೇಲೆ. ನೋಡಲು ಫಳಫಳ ಹೊಳೆಯುತ್ತಿದ್ದವು. ಅವಳು ಅವನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಒರೆಸಿ, ಸುಣ್ಣದ ಪುಡಿ ಉದುರಿಸಿದಳು. ಬಿಳಿ ಪುಡಿಯ ಮೇಲೆ ಕೂದಲೆಳೆಯಷ್ಟು ತೆಳ್ಳಗೆ ಎಣ್ಣೆ ಜಿನುಗಿತು.

"ಬಿರುಕು ಬಿಟ್ಟವೆ ಸರ್. ಹೊಸವು ಬರೋತಂಕ ಕಂಬ ನಿಲ್ಲಿಸ್ಬೇಡಿ" ಎಂದಳು.

"ನನ್ ಕಣ್ಗೇನೂ ಕಾಣ್ತಿಲ್ವಲ್ಲ" ಎಂದು ಕಾಂತೇಶ್ ನಕ್ಕ.

ತಂಗಿಯ ಮಗಳ ಮದುವೆಗೆ ಅವಳು ಮೂರು ದಿನ ರಜೆ ಹಾಕಿದಳು. ಹೊಸ ಬೋಲ್ಟು ಬಂದಿರಲಿಲ್ಲ. ಭಾನುವಾರಕ್ಕೆ ಕಾಂತೇಶ್ ನೆಂಟರಿಷ್ಟರನ್ನೆಲ್ಲ ಕೆರೆಗೆ ಕರೆದುಬಿಟ್ಟಿದ್ದ. ಕೆಂಪು ಡಬ್ಬಿಯಲ್ಲಿದ್ದ ಆ ಆರು ಬೋಲ್ಟುಗಳನ್ನೇ ಅಶ್ವಥನ ಕೈಲಿ ಹಾಕಿಸಿ ದೋಣಿಯನ್ನು ನೀರಿಗಿಳಿಸಿದ. ದಡ ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಾಳಿ ಎದ್ದಿತು. ಬೋಲ್ಟು ಮುರಿದು ಕಂಬ ಅಶ್ವಥನ ಹೆಗಲ ಮೇಲೆ ಬಿತ್ತು.

ಸೋಮವಾರ ಸುದ್ದಿ ಕೇಳಿ ಶೆಡ್ಡಿಗೆ ಬಂದ ನರಸಿಂಹಮ್ಮ, ಕಂಬ ಯಾಕೆ ಬಿತ್ತೆಂದು ಖಾಲಿ ಕೆಂಪು ಡಬ್ಬಿ ನೋಡಿಯೇ ತಿಳಿದುಕೊಂಡಳು. ಕಾಂತೇಶ್ ಎಲ್ಲರೆದುರು, "ಬೋಲ್ಟು ಆರಿಸಿಕೊಟ್ಟಿದ್ದು ನೀವೇ ಅಲ್ವೇನ್ರೀ?" ಎಂದ.

"ಹಾಕ್ಬಾರ್ದು ಅಂತ ನೋಟ್‌ಬುಕ್ಕಲ್ಲಿ ಬರ್ದಿದೀನಿ ಸರ್."

"ಯಾವ ನೋಟ್‌ಬುಕ್ಕು?"

ಮೇಜಿನ ಮೇಲೆ ಅದು ಇರಲಿಲ್ಲ.

ಅವಳು ನೇರ ಆಸ್ಪತ್ರೆಗೆ ಹೋದಳು. ಅಶ್ವಥ್ ಅವಳ ಮುಖ ನೋಡಲಿಲ್ಲ. "ನಂಗೆಲ್ಲಾ ಗೊತ್ತು ಅಕ್ಕ. ಆದ್ರೆ ಆಪರೇಷನ್ ಮಾಡಿಸ್ತಿರೋದು ಅವ್ರೇ. ಬಾಯ್ಬಿಟ್ರೆ ನನ್ ಕೈ ಹೋಯ್ತದೆ."

"ನನ್ ಮರ್ಯಾದೆ ಹೋದ್ರೆ ಪರ್ವಾಗಿಲ್ವೇನೋ?"

ಅವನು ಗೋಡೆ ಕಡೆ ತಿರುಗಿಕೊಂಡ. ಬೈಯಲು ಬಂದವಳು ಆ ಬ್ಯಾಂಡೇಜು ನೋಡಿ ಬೈಯದೆಯೇ ಹೊರಟು ಬಂದಳು. ಅದಕ್ಕೇ ಆಮೇಲೆ ಅವಳು ತನ್ನನ್ನು ತಾನೇ ಎಷ್ಟೋ ಸಲ ಶಪಿಸಿಕೊಂಡಳು.

ಬಿರುಕುಬಿಟ್ಟ ಬೋಲ್ಟು ಕೊಟ್ಟವಳು ಅವಳೇ ಎಂಬ ಸುದ್ದಿ ಹಿರೇಹಳ್ಳಿಯಲ್ಲೆಲ್ಲ ಹಬ್ಬಿತು. ಅವಳು ಕೆಲಸ ಕೇಳಿಕೊಂಡು ಹೋದ ನಾಲ್ಕು ವರ್ಕ್‌ಶಾಪಿನವರೂ ಆಮೇಲೆ ಹೇಳ್ತೀವಿ ಎಂದರು, ಯಾರೂ ಹೇಳಲಿಲ್ಲ. ಕೊನೆಗೆ ಗುಬ್ಬಿಯಲ್ಲೇ ಓಬಳಯ್ಯನ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಕೆಲಸ ಕೇಳಿದಳು.

ಓಬಳಯ್ಯ ಕನ್ನಡಕ ಮೇಲೆತ್ತಿ ನೋಡಿದ. "ಆ ದೋಣಿಗೆ ಬೋಲ್ಟು ಕೊಟ್ಟೋರು ನೀವೇ ಅಲ್ವಾ?"

"ಅವನ್ನ ಹಾಕ್ಬೇಡಿ ಅಂದೋಳು ನಾನು" ಎಂದಳು ನರಸಿಂಹಮ್ಮ.

ಓಬಳಯ್ಯ ಅಷ್ಟರಲ್ಲಾಗಲೇ ಇನ್ನೊಬ್ಬ ಗಿರಾಕಿಗೆ ಪೈಪು ಅಳೆಯುತ್ತಿದ್ದ.